ಆರು ಗಂಟೆಯ ಕಾರ್ಡು

ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ನಾನು ಇಸ್ತ್ರಿ ಮೇಜು ಬಿಟ್ಟು ಬಾಗಿಲ ಹತ್ತಿರ ಹೋಗುತ್ತಿದ್ದೆ. ಅಲ್ಲಿ ಗೋಡೆಯ ಮೇಲೆ ಕಾರ್ಡಿನ ಯಂತ್ರ, ಪಕ್ಕದ ತಗಡಿನ ಗೂಡುಗಳಲ್ಲಿ ಮೂವತ್ತೊಂದು ಜನರ ಕಾರ್ಡು. ಒಂದೊಂದನ್ನೇ ಯಂತ್ರದ ಬಾಯಿಗೆ ಕೊಟ್ಟರೆ ಅದು ಟಕ್ ಎಂದು ಗಂಟೆ ಒತ್ತುತ್ತಿತ್ತು. ಐದು ನಿಮಿಷದಲ್ಲಿ, ಕಾರ್ಡಿನ ಪ್ರಕಾರ, ಎಲ್ಲರೂ ಮನೆ ಸೇರಿರುತ್ತಿದ್ದರು. ಆಮೇಲೆ ನಾನು ಮೇಜಿಗೆ ಮರಳಿ ಎಂಟೂವರೆಯವರೆಗೆ ಇಸ್ತ್ರಿ ಉಜ್ಜುತ್ತಿದ್ದೆ. ಮನೆ ಸೇರಿದ ಉಳಿದ ಮೂವತ್ತು ಜನರೂ ನನ್ನ ಸುತ್ತಲೇ ಬೆವರುತ್ತಿದ್ದರು.

ಆಸ್ಪತ್ರೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸುವ ಲಾಂಡ್ರಿ ಅದು. ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಬೆಲ್ಲ. ಬಾಯಲ್ಲಿ ಬೆಲ್ಲ ಇದ್ದವರ ಎದೆಯಲ್ಲಿ ಏನಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೂ ಬೆಲ್ಲ ಸಿಹಿಯಾಗಿಯೇ ಇರುತ್ತದಲ್ಲ. ಎರಡು ವರ್ಷದ ಹಿಂದೆ ಅವನು ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದ:

"ಎಲ್ರೂ ಕಾರ್ಡಿಗೆ ಸಾಲು ನಿಂತ್ರೆ ಕೆಲಸ ನಿಂತುಹೋಗುತ್ತೆ ಅಕ್ಕ. ನಿಮ್ಮಷ್ಟು ನಂಬಿಕಸ್ಥರು ಇಲ್ಲಿ ಇನ್ಯಾರಿದ್ದಾರೆ? ಎಲ್ಲರದ್ದೂ ನೀವೇ ಒತ್ತಿಬಿಡಿ."

ನಂಬಿಕಸ್ಥಳು! ನಾನು ಉಬ್ಬಿಹೋದೆ. ಅಲ್ಲಿಯವರೆಗೆ ಆ ಕಟ್ಟಡದಲ್ಲಿ ಯಾರೂ ನನಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಆ ಮಾತು ಕೇಳಿದವಳು ಇನ್ನೊಬ್ಬಳೇ, ಪಕ್ಕದಲ್ಲಿ ಹೊದಿಕೆ ಮಡಚುತ್ತಿದ್ದ ನನ್ನ ನಾದಿನಿ. ನನ್ನ ಗಂಡ ತೀರಿಹೋದ ಮೇಲೂ ನಾವಿಬ್ಬರೂ ಬೇರೆಯಾಗಲಿಲ್ಲ. ಒಂದೇ ಮನೆ, ಒಂದೇ ಒಲೆ. ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ನಾನೇ.

ಕಳೆದ ಚಳಿಗಾಲದಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಕೈ ತಲೆಬಾಚುವಷ್ಟೂ ಮೇಲೇಳದು. ಡಾಕ್ಟರು ಆರು ವಾರ ಇಸ್ತ್ರಿ ಮುಟ್ಟಬೇಡ ಎಂದರು. ಸಂಬಳದ ರಜೆ ಕೇಳಲು ಹೋದರೆ ಬೆಲ್ಲ ನನ್ನ ಕಾರ್ಡನ್ನೇ ತೆಗೆದು ತೋರಿಸಿದ.

"ದಿನಾ ಆರಕ್ಕೆ ಮನೆಗೆ ಹೋಗ್ತೀರಿ. ಭುಜ ಹೋಗುವಂಥ ಕೆಲಸ ಏನು ಮಾಡ್ತೀರಿ ಅಕ್ಕ?"

ನಾನೇ ಒತ್ತಿದ ಕಾರ್ಡು. ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಕಾರ್ಮಿಕ ಕಚೇರಿಯ ಮೆಟ್ಟಿಲು ಹತ್ತಿದೆ.

ಅಲ್ಲಿನ ಅಧಿಕಾರಿ ದಪ್ಪ ಕನ್ನಡಕದ ಹೆಂಗಸು, ಮಾತು ಅಳೆದು ಆಡುವವರು. ದಿನಕ್ಕೆ ಎಂಟು ಗಂಟೆಯ ಕೆಲಸ ದಾಟಿದ ಮೇಲೆ ಪ್ರತಿ ಗಂಟೆಗೂ ಎರಡರಷ್ಟು ಕೂಲಿ ಕೊಡಲೇಬೇಕು, ಕೊಡದೆ ಉಳಿಸಿಕೊಂಡದ್ದನ್ನು ಕೇಳುವ ಹಕ್ಕು ನಿಮಗಿದೆ ಎಂದರು. "ಆದ್ರೆ ಕಾರ್ಡು ಆರು ಗಂಟೆ ಅನ್ನುತ್ತಲ್ಲ. ನೀವು ಎಂಟೂವರೆವರೆಗೆ ಇದ್ರಿ ಅನ್ನೋದಕ್ಕೆ ಏನಿದೆ?"

ಉಪಾಯ ಹೊಳೆದದ್ದು ನಾದಿನಿಗೆ. ಆಸ್ಪತ್ರೆಗೆ ಹೋಗುವ ಪ್ರತಿ ಕಟ್ಟಿನಲ್ಲೂ ಒಂದು ಚೀಟಿ ಇರಬೇಕು: ಮಡಚಿದವರ ಸಹಿ, ಕಟ್ಟಿದ ಗಂಟೆ. ಆಸ್ಪತ್ರೆಯವರು ಅದಿಲ್ಲದೆ ಬಟ್ಟೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಚೀಟಿಗಳ ಕಾರ್ಬನ್ ಪ್ರತಿ ಪುಸ್ತಕದಲ್ಲೇ ಉಳಿಯುತ್ತದೆ, ಮುಗಿದ ಪುಸ್ತಕ ರದ್ದಿಗೆ. ನಾದಿನಿ ರದ್ದಿಯಿಂದ ಹನ್ನೊಂದು ಪುಸ್ತಕ ಚೀಲದಲ್ಲಿ ತುಂಬಿ ತಂದಳು. ಏಳು ಗಂಟೆ, ಏಳೂ ನಲವತ್ತು, ಎಂಟೂ ಇಪ್ಪತ್ತು, ಎಲ್ಲ ನಮ್ಮದೇ ಕೈಬರಹ. ಆವತ್ತು ನಾವಿಬ್ಬರೂ ನೆಲದ ಮೇಲೆ ಪುಸ್ತಕ ಹರಡಿಕೊಂಡು ಮಕ್ಕಳ ಹಾಗೆ ನಕ್ಕೆವು. ಕಳ್ಳ ಮಾಲೀಕನಿಗೆ ಸುಳ್ಳು ಹೇಳಲೂ ಪೂರ್ತಿ ಬರಲಿಲ್ಲವಲ್ಲ!

ವಿಚಾರಣೆಯ ದಿನ ಅಧಿಕಾರಿ ಚೀಟಿಗಳನ್ನು ಒಂದು ಗಂಟೆ ತಿರುವಿದರು. ಮಾಲೀಕನ ವಕೀಲ ಜಗಳಕ್ಕೇ ಬರಲಿಲ್ಲ.

"ಕೆಲಸ ಮಾಡಿರಬಹುದು ಮೇಡಂ. ಆಡಳಿತಕ್ಕೆ ಗೊತ್ತಿರಲಿಲ್ಲ. ಕಾರ್ಡುಗಳಲ್ಲಿ ಸುಳ್ಳು ಹೊತ್ತು ಒತ್ತಿದ್ದು ಯಾರು ಅಂತ ಕೇಳಿ."

"ನಾನೇ ಒತ್ತಿದ್ದು," ಎಂದೆ. ಮುಚ್ಚಿಡುವುದು ಏನಿತ್ತು? ಬೆಲ್ಲನ ಕಡೆ ಕೈ ತೋರಿಸಿದೆ. "ಇವರೇ ಹೇಳಿದ್ರು."

ಬೆಲ್ಲ ಕೈಮುಗಿದ. "ಅಯ್ಯೋ ಅಕ್ಕ, ನಾನ್ಯಾವಾಗ ಹೇಳಿದೆ?"

"ಯಾರಾದ್ರೂ ಕೇಳಿಸಿಕೊಂಡಿದ್ದಾರಾ?" ಎಂದರು ಅಧಿಕಾರಿ.

ನಾನು ನಾದಿನಿಯ ಕಡೆ ತಿರುಗಿದೆ. ಅವಳು ಸೆರಗಿನ ತುದಿಯನ್ನು ಮಡಚುತ್ತಿದ್ದಳು, ನಾಲ್ಕು ಮಡಿಕೆ, ಎಂಟು ಮಡಿಕೆ, ನಾನು ಕಲಿಸಿದ ಹಾಗೆಯೇ.

"ನಂಗೆ ನೆನಪಿಲ್ಲ ಮೇಡಂ," ಎಂದಳು.

ಎಲ್ಲರಿಗೂ ಬಾಕಿ ಕೂಲಿ ಕೊಡಬೇಕು ಎಂದು ಆದೇಶ ಬಂತು. ನನಗೂ ಬಂತು, ಸುಳ್ಳು ಹೇಳಬಾರದು. ಅದರ ಹಿಂದೆಯೇ ಇನ್ನೊಂದು ಕಾಗದ: ಹಾಜರಿ ದಾಖಲೆ ತಿದ್ದಿದ ತಪ್ಪಿಗೆ ಕೆಲಸದಿಂದ ವಜಾ. ಓಡಿಹೋಗಿ ಅಧಿಕಾರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅದು ಬೇರೆ ಕೇಸು. ಬೇರೆ ಕಚೇರಿ. ಒಂದೆರಡು ವರ್ಷ ಹಿಡೀಬಹುದು."

ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ, ಅದೂ ದಿನಕ್ಕೆ ಮೂವತ್ತೊಂದು ಸಲ. ಬಂದ ದುಡ್ಡು ಭುಜಕ್ಕೂ ಬಾಡಿಗೆಗೂ ಕರಗಿತು. ನಾದಿನಿಯನ್ನು ಬಿಟ್ಟರೆ ಬಾಕಿ ತೆಗೆದುಕೊಂಡ ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬರೂ ಮನೆ ಕಡೆ ಮುಖ ಹಾಕಲಿಲ್ಲ. ಬೈಯಲು ಹೊರಟರೆ ನನಗೆ ನನ್ನ ಹಳೆಯ ಹಿಗ್ಗೇ ನೆನಪಾಗಿ ಬಾಯಿ ಕಹಿಯಾಗುತ್ತದೆ.

ನಾದಿನಿಗೆ ನನ್ನ ಮೇಜು ಸಿಕ್ಕಿತು. ಜೊತೆಗೆ ಲೀಡರ್ ಅಂತ ಒಂದು ಬಿಲ್ಲೆ. ನಾವು ಆ ವಿಷಯ ಎತ್ತುವುದಿಲ್ಲ. ಒಂದೇ ಒಲೆಯ ಮುಂದೆ ಕೂತು ಎಷ್ಟು ಅಂತ ಜಗಳವಾಡುವುದು? ಹೇಗೂ ಈಗ ಒಲೆ ಉರಿಯುವುದು ಅವಳ ಸಂಬಳದಲ್ಲಿ.

ನಿನ್ನೆ ಅವಳು ಒಳಗೆ ಬಂದಾಗ ಒಂಬತ್ತಾಗಿತ್ತು. ಮುಂಗೈ ಮೇಲೆ ಹೊಸ ಸುಟ್ಟ ಗಾಯ.

"ಯಾಕೆ ತಡ?"

"ಆರಕ್ಕೇ ಬಿಟ್ರು ಅತ್ತಿಗೆ. ಬಸ್ಸು ಸಿಗಲಿಲ್ಲ."

ನನಗೇ ಹೇಳುತ್ತಾಳೆ! ನಾನು ತಟ್ಟೆ ಇಟ್ಟೆ. ಸುಟ್ಟ ಕೈಯಿಂದ ಅವಳಿಗೆ ತುತ್ತು ಎತ್ತಲು ಆಗುತ್ತಿರಲಿಲ್ಲ.

"ಕಾರ್ಡು ಒತ್ತಿದ್ದು ನೀನೇನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಕಟ್ಟಿನ ಚೀಟಿಗಳನ್ನಾದ್ರೂ ಜೋಪಾನವಾಗಿ ತೆಗೆದಿಡು ತಾಯಿ. ನಾಳೆ ನಿನಗೂ ಬೇಕಾಗುತ್ತೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಈಗ ಚೀಟಿ ಮೇಲೆ ಗಂಟೆ ನಾವು ಬರೆಯೋ ಹಾಗಿಲ್ಲ ಅತ್ತಿಗೆ. ಅಚ್ಚಾಗೇ ಬರುತ್ತೆ. ಐದೂ ಮುಕ್ಕಾಲು."