ಹಲ್ಲಿನ ಟೈರು

ಹಳ್ಳಿಗಳಿಗೆ ಬಾಡಿಗೆಗೆ ಜನ ಒಯ್ಯುತ್ತಿದ್ದ ನನ್ನ ಜೀಪು ಓಡಿಸುತ್ತಿದ್ದ ಹನುಮಂತ್ರಾಯನ ಹೆಸರು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಎಂಬತ್ತೆರಡರ ಮಳೆಗಾಲದವರೆಗೆ ಅವನಷ್ಟು ಪುಕ್ಕಲ ಡ್ರೈವರ್ ಇಡೀ ಮಾನ್ವಿಯಲ್ಲೇ ಇರಲಿಲ್ಲ. ಟೈರುಗಳು ಸವೆದು ಬೋಳಾಗಿದ್ದವು. ಹಿರೇಕೊಟ್ನೆಕಲ್ ದಾರಿಯ ಹಳ್ಳ ಬಂದರೆ ಸಾಕು, ಜೀಪು ನಿಲ್ಲಿಸಿ, "ಇಳೀರಿ, ಎಲ್ಲಾರೂ ಇಳೀರಿ" ಎನ್ನುತ್ತಿದ್ದ. ಜನ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ದಾಟಿದ ಮೇಲೆ, ಖಾಲಿ ಜೀಪನ್ನು ತುಂಬಿದ ಕೊಡ ಹೊತ್ತವರಂತೆ ಮೆಲ್ಲಗೆ ದಾಟಿಸುತ್ತಿದ್ದ. ಎಲ್ಲರೂ ಗೊಣಗುತ್ತಿದ್ದರು. ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ.

ಆ ಗೊಣಗಾಟ ಕೇಳಲಾರದೆ ನಾನೇ ರಾಯಚೂರಿನಿಂದ, ಕೆಸರಿಗೆಂದೇ ಮಾಡಿದ ಆಳವಾದ ಹಲ್ಲಿನ ನಾಲ್ಕು ಟೈರು ತಂದು ಹಾಕಿಸಿದೆ. ಹನುಮಂತ್ರಾಯ ಅವಕ್ಕೆ ಕುಂಕುಮ ಹಚ್ಚಿ, ಗಾಲಿ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದ. ಮರುದಿನದಿಂದ ಮನುಷ್ಯನೇ ಬೇರೆಯಾದ. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದರಲ್ಲಿ ಬೀಡಿ. ನಡೆದುಹೋಗುವವರ ಮೇಲೆ ಕೆಸರು ಹಾರಿಸಿ ಹಲ್ಕಿರಿಯುತ್ತಿದ್ದ. ಥೂ! ಹಲ್ಲು ಬಂದಿದ್ದು ಟೈರಿಗೆ, ಮೆರೆಯುತ್ತಿದ್ದವನು ಇವನು.

ಆ ಬೆಳಿಗ್ಗೆ ನಾನೂ ಮುಂದೆ ಕೂತಿದ್ದೆ. ಹಿಂದೆ ಸೂಲಗಿತ್ತಿ ಯಮನಮ್ಮ. ಹಿರೇಕೊಟ್ನೆಕಲ್‌ನಲ್ಲಿ ಒಬ್ಬಳಿಗೆ ನೋವು ಶುರುವಾಗಿತ್ತು, ಕೂಸು ಅಡ್ಡ ಇದೆಯಂತೆ. ಅಡ್ಡ ಕೂಸನ್ನು ತಿರುಗಿಸಬಲ್ಲ ಕೈ ಆ ಸೀಮೆಯಲ್ಲಿ ಯಮನಮ್ಮನದೊಂದೇ.

ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ. ಇಳಿಜಾರು ಮಾತ್ರ ಎರೆಮಣ್ಣಿನ ಲೋಳೆಯಾಗಿತ್ತು.

"ಇಳಿಸ್ರೀ ವಹೀದ್ ಸಾಬ್ರ, ನಾ ನಡ್ಕೊಂತ ದಾಟ್ತೀನಿ," ಎಂದು ಯಮನಮ್ಮ ನನಗೆ ಹೇಳಿದಳು.

"ಸುಮ್ನ ಕುಂದ್ರಬೇ ಯವ್ವಾ, ಹೊಸ ಟೈರ್ ಅದಾವ," ಎಂದ ಹನುಮಂತ್ರಾಯ.

ಅವಳು ನನ್ನ ಮುಖ ನೋಡಿದಳು. ಇಷ್ಟು ಒಳ್ಳೆ ಟೈರು ಹಾಕಿಸಿದ ಮೇಲೂ ಜನ ಇಳಿದು ನಡೆದರೆ ನನಗೇ ಅವಮಾನ ಅನ್ನಿಸಿತು. "ಕುಂದ್ರು, ಏನೂ ಆಗಂಗಿಲ್ಲ," ಎಂದುಬಿಟ್ಟೆ.

ಅವನು ವೇಗ ತಗ್ಗಿಸಲೂ ಇಲ್ಲ. ಜೀಪು ಅಡ್ಡಡ್ಡ ಜಾರಿ ದಂಡೆಯ ಬಂಡೆಗೆ ಬಡಿಯಿತು. ಆಸರೆಗೆಂದು ಹೊರಗಿನ ಕಂಬಿ ಹಿಡಿದಿದ್ದ ಯಮನಮ್ಮನ ಬಲಗೈ ನಡುವೆ ಸಿಕ್ಕಿತು.

ಅವಳು ಚೀರಿದಳು. ಹನುಮಂತ್ರಾಯ ಜಿಗಿದಿಳಿದವನು ಅತ್ತ ನೋಡಲೇ ಇಲ್ಲ. ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಗಲ ಟವೆಲ್ಲಿನಿಂದ ಕೆಸರು ಒರೆಸಿ, "ಟೈರಿಗೇನೂ ಆಗಿಲ್ರೀ ಸಾಬ್ರ!" ಎಂದು ಕೂಗಿದ.

ಅಲ್ಲಾನ ಆಣೆ, ನನಗೆ ಹಾಯೆನಿಸಿತು. ಹಾಯೆನಿಸಿದ ಮೇಲೆಯೇ ನಾನು ಹಿಂದಕ್ಕೆ ತಿರುಗಿ ನೋಡಿದ್ದು. ಬೆರಳುಗಳು ಜಜ್ಜಿಹೋಗಿದ್ದವು. ಅವಳು ಎಡಗೈಯಿಂದ ಸೆರಗು ಸುತ್ತಿಕೊಳ್ಳುತ್ತ, "ಹಾದಿ ಬಿಡ್ರೀ, ಆಕಿ ಕಾಯಾಕತ್ತಾಳ," ಎಂದಳು.

ನಡೆದೇ ಹೋಗಿ ಮುಟ್ಟಿದಳು. ಆದರೆ ಆ ಕೈ ಮುಚ್ಚಲೂ ಇಲ್ಲ, ಬಿಚ್ಚಲೂ ಇಲ್ಲ. ತಾಯಿ ಬದುಕಿದಳು, ಕೂಸು ಉಳಿಯಲಿಲ್ಲ. ನಾನು ಸಂಜೆ ಅದೇ ಟೈರಿನ ಮೇಲೆ ಮನೆಗೆ ಬಂದೆ.