ಆಟಗಾರನಿಗೆ ತಿಳಿಯದಂತೆ

“ಚೆನ್ನಾಗಿದೆ,” ಅಂದಳು ತಕರಾರಕ್ಕ. “ಮುಂದಿನದು ಓದು.”

ಮೀಟಿಂಗಿನಲ್ಲಿ ತಾನು ಬರೆದದ್ದನ್ನು ಓದಿ ಹೇಳುತ್ತಿದ್ದ ಅವಳು ಕೂಡಲೇ ಮುಂದಿನದನ್ನು ಓದಲಿಲ್ಲ. ಪರದೆಯ ಮೇಲಿದ್ದ ವಾಕ್ಯವನ್ನೇ ಇನ್ನೊಮ್ಮೆ ನೋಡಿದಳು: ‘ಆಟಗಾರ ಸತತವಾಗಿ ಮೂರು ಸಲ ಸೋತರೆ, ಅವನಿಗೆ ತಿಳಿಯದಂತೆ ಆಟವನ್ನು ಸುಲಭಗೊಳಿಸಬೇಕು.’

ಮೊಬೈಲಿನಲ್ಲಿ ಆಡುವ ದೋಣಿಯಾಟ ಅದು. ಬಂಡೆಗಳ ನಡುವೆ ದೋಣಿ ತೂರಿಸಿ ದಡ ಮುಟ್ಟಿಸಬೇಕು. ಆಟ ಹೇಗಿರಬೇಕು, ಏನು ಮಾಡಿದರೆ ಏನಾಗಬೇಕು ಎಂದು ವಾಕ್ಯ ವಾಕ್ಯವಾಗಿ ಬರೆದುಕೊಡುವುದು ಅವಳ ಕೆಲಸ. ಅದನ್ನು ನೋಡಿಕೊಂಡು ಪ್ರೋಗ್ರಾಮಿನವರು ಆಟ ಕಟ್ಟುತ್ತಾರೆ. ಕಟ್ಟಿದ್ದು ಬರೆದಂತೆಯೇ ಇದೆಯೇ ಎಂದು ಪರೀಕ್ಷಿಸುವವಳು ತಕರಾರಕ್ಕ. ಆಕೆಯ ನಿಜವಾದ ಹೆಸರು ಆಫೀಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಹಿಂದೊಮ್ಮೆ ‘ಬೇಗ’ ಎಂಬ ಒಂದು ಪದ ಹಿಡಿದುಕೊಂಡು ಎಲ್ಲರ ಊಟ ತಣ್ಣಗಾಗುವವರೆಗೆ ವಾದಿಸಿದ್ದಳು. “ಬೇಗ ಅಂದ್ರೆ ಎಷ್ಟು ಬೇಗ? ನಮ್ಮನೆಯವರು ಬೇಗ ಬರ್ತೀನಿ ಅಂತ ಹೋದ್ರೆ ನಾನು ಉಂಡು ಮಲಗಿ ಒಂದು ನಿದ್ದೆ ಮುಗಿಸಿರ್ತೀನಿ. ಆ ಬೇಗಾನಾ?”

ಅಂಥವಳು ‘ತಿಳಿಯದಂತೆ’ ಎಂಬುದನ್ನು ಸುಮ್ಮನೆ ಬಿಟ್ಟಳೇ? ‘ಸುಲಭ’ವನ್ನೂ? ಉಳಿದ ವಾಕ್ಯಗಳಿಗೂ ಅದೇ ‘ಚೆನ್ನಾಗಿದೆ’ ಸಿಕ್ಕಿತು.

“ಇಷ್ಟು ಬೇಗ ಮುಗೀತಾ! ಇವತ್ತು ಮಳೆ ಗ್ಯಾರಂಟಿ,” ಎನ್ನುತ್ತ ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿದ. ಎಲ್ಲರೂ ನಕ್ಕರು. ನಗು ಒಂದು ಗಳಿಗೆ ಹೆಚ್ಚೇ ಆಯಿತು ಅನ್ನಿಸಿತು ಅವಳಿಗೆ.

ಗಂಡ ತೀರಿಹೋದ ಮೇಲೆ ಅವಳು ಕೆಲಸಕ್ಕೆ ಮರಳಿದಂದಿನಿಂದ ಇಲ್ಲಿ ಯಾರೂ ಅವಳೊಡನೆ ಜಗಳವಾಡಿಲ್ಲ. ಈಗ ಯೋಚಿಸಿದರೆ, ಮನೆಯಲ್ಲೂ ಹಾಗೆಯೇ. ಸಂಜೆ ಮಾವನ ಜೊತೆ ಇಸ್ಪೀಟಾಡಿದರೆ ಅವಳೇ ಗೆಲ್ಲುತ್ತಿದ್ದಳು. ತನಗೇನೋ ಆಟ ಹತ್ತಿತು ಅಂದುಕೊಂಡಿದ್ದಳು. ‘ಅಪ್ಪನ ಹತ್ತಿರ ಗೆದ್ದವರನ್ನ ನಾನು ಕಂಡಿಲ್ಲ’ ಎಂದು ಗಂಡ ಹೇಳುತ್ತಿದ್ದುದು ಈಗ ನೆನಪಾಯಿತು.

ಮರುದಿನ ಅವಳು ಬೇಕೆಂದೇ ಒಂದು ತಪ್ಪು ಬರೆದಳು. ‘ಬಂಡೆಗೆ ಬಡಿದರೆ ದೋಣಿ ಮುಳುಗಬೇಕು’ ಎಂದು ಮೇಲೆ. ‘ದೋಣಿ ಯಾವ ಕಾರಣಕ್ಕೂ ಮುಳುಗಬಾರದು’ ಎಂದು ಅದರ ಕೆಳಗೆ. ಮೀಟಿಂಗಿನಲ್ಲಿ ಎರಡನ್ನೂ ಗಟ್ಟಿಯಾಗಿ ಓದಿದಳು. ಪ್ರೋಗ್ರಾಮಿನವನು ಪೆನ್ನಿನ ಮುಚ್ಚಳ ನೋಡತೊಡಗಿದ.

“ಆಯ್ತು,” ಅಂದಳು ತಕರಾರಕ್ಕ.

ಊಟದ ಹೊತ್ತಿಗೆ ತೆರೆದು ನೋಡಿದರೆ ಎರಡನೆಯ ವಾಕ್ಯ ಅಲ್ಲಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ.

ತಕರಾರಕ್ಕ ನಲ್ಲಿಯ ಕೆಳಗೆ ಡಬ್ಬಿ ತೊಳೆಯುತ್ತಿದ್ದಳು.

“ದೋಣಿ ಮುಳುಗಬಾರದು ಅಂತ ಬರೆದಿದ್ನಲ್ಲ, ಅದೆಲ್ಲಿ ಹೋಯ್ತು ಅಕ್ಕ?”

“ಯಾವುದು?”

“ನಾಟಕ ಬೇಡ. ಬೇಕೂಂತಲೇ ಬರೆದಿದ್ದೆ ಅದನ್ನ.”

“ಬೇಕೂಂತಾನಾ?” ಆಕೆ ನಲ್ಲಿ ನಿಲ್ಲಿಸಿದಳು. “ಅಯ್ಯೋ, ನಾನು ಹಿಂದಿನವುಗಳ ಥರಾನೇ ಅಂದ್ಕೊಂಡೆ.”

ಆಡಿದ ಮೇಲೆ ಬಾಯಿ ಮುಚ್ಚಿಕೊಂಡಳು. ಹೊತ್ತು ಮೀರಿತ್ತು.

“ಹಿಂದಿನವು ಅಂದ್ರೆ?”

ಆಕೆ ತೊಳೆದ ಡಬ್ಬಿಯನ್ನೇ ಮತ್ತೆ ಉಜ್ಜತೊಡಗಿದಳು.

“ಹೇಳಿ ಅಕ್ಕ.”

“ಏನು ಹೇಳ್ಲಿ? ಸೋತವನಿಗೆ ನೀನು ಬಹುಮಾನ ಕೊಡಿಸಿದ್ದೆ. ಆಟ ಶುರುವಾಗೋ ಮುಂಚೆನೇ ದಡ ಮುಟ್ಟಿಸಿದ್ದೆ. ಒಂದು ಹಂತದಲ್ಲಿ ದೋಣೀನೇ ಮರೆತುಬಿಟ್ಟಿದ್ದೆ ಕಣೇ. ನಿನ್ನ ಮುಖ ನೋಡಿದ್ರೆ ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ. ಹಿಂದಿಂದೆ ಸರಿ ಮಾಡ್ತಾ ಬಂದ್ವಿ.”

“ಮ್ಯಾನೇಜರಿಗೆ ಗೊತ್ತಾ?”

“ಅವರೇ ಹೇಳಿದ್ದು.”

ಅವಳ ಕಿವಿ ಬಿಸಿಯಾಯಿತು. ಮೋಸ ಎಂದು ಅನುಮಾನಿಸಿದ್ದಳು ನಿಜ. ಆದರೆ ತನ್ನ ಬರಹ ಸರಿಯಾಗಿಯೇ ಇದೆ, ಕನಿಕರಕ್ಕೆ ಇವರು ಸಣ್ಣಪುಟ್ಟ ತಕರಾರು ಬಿಟ್ಟಿದ್ದಾರೆ ಅಷ್ಟೇ ಎಂದು ಎಣಿಸಿದ್ದಳು. ಮನೆಯ ಗೆಲುವು ತನ್ನದಲ್ಲದಿದ್ದರೂ, ಇಲ್ಲಿನ ಕೆಲಸವಾದರೂ ತನ್ನದಾಗಿ ಉಳಿದಿದೆ ಎಂದು.

“ಹಾಗಾದ್ರೆ ಇಲ್ಲಿ ನನ್ನ ಕೆಲಸ ಏನು ಅಕ್ಕ?”

ತಕರಾರಕ್ಕ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ಇನ್ಮೇಲೆ ತಕರಾರು ಮಾಡಿ.”

“ನೀನು ಅತ್ತುಬಿಟ್ರೆ?”

“ಅತ್ರೆ ಅಳ್ತೀನಿ. ಅದನ್ನ ಪರೀಕ್ಷೆ ಮಾಡೋದು ನಿಮ್ಮ ಕೆಲಸ ಅಲ್ಲ.”

ಆಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಅವಳನ್ನು ದಿಟ್ಟಿಸಿದಳು. “ಆಯ್ತು. ‘ತಿಳಿಯದಂತೆ’ ಅಂದ್ರೆ ಏನೇ ಅದು ಮಣ್ಣಾಂಗಟ್ಟಿ?” ದನಿ ಮೊದಲು ತಡವರಿಸಿ, ಆಮೇಲೆ ತನ್ನ ಹಳೆಯ ಎತ್ತರಕ್ಕೆ ಏರಿತು. “ಗೊತ್ತಾಗಿಲ್ಲ ಅನ್ನೋದನ್ನ ನಾನು ಹೇಗೆ ನೋಡ್ಲಿ? ಆಟಗಾರನ ತಲೆಯೊಳಗೆ ಹೋಗಿ ಚಾಪೆ ಹಾಸ್ಲಾ?”

ಅಳು ಬರಲಿಲ್ಲ. ಅವಳು ಮೇಜಿಗೆ ಹೋಗಿ ಆ ವಾಕ್ಯ ಅಳಿಸಿದಳು. ಸಂಜೆಯವರೆಗೆ ಕೂತು ಬರೆದದ್ದು ಇಷ್ಟೇ: ‘ಆಟಗಾರ ಸತತವಾಗಿ ಮೂರು ಸಲ ಸೋತರೆ, ಎರಡು ಬಂಡೆ ತೆಗೆಯಬೇಕೇ ಎಂದು ಅವನನ್ನು ಕೇಳಬೇಕು. ಬೇಡ ಎಂದರೆ, ಎಲ್ಲ ಬಂಡೆಗಳೂ ಇದ್ದಲ್ಲಿಯೇ ಇರಬೇಕು.’

ಮನೆಯಲ್ಲಿ ಮಾವ ಆಗಲೇ ಎಲೆ ಹಂಚಿ ಕಾಯುತ್ತಿದ್ದರು. ಅವಳು ಆಟಿನ್ ಏಳರ ಎಲೆಯನ್ನು ಎತ್ತಿಕೊಂಡಳು, ಆಮೇಲೆ ಎಂಟನ್ನು. ಎರಡೂ ಮಾವ ಎಸೆದವು, ಅವಳಿಗೆ ಬೇಕಿದ್ದಂಥವೇ. ಅವರು ಕನ್ನಡಕ ಸರಿಮಾಡಿಕೊಂಡು, ಕೈಯಲ್ಲಿದ್ದ ಎಲೆಗಳಿಂದ ಇನ್ನೊಂದನ್ನು ಅರ್ಧ ಹೊರಗೆಳೆದರು.

“ಮಾವ, ಇವರು ಚಿಕ್ಕವರಿದ್ದಾಗ ಇವರಿಗೂ ಹೀಗೇ ಬಿಟ್ಟುಕೊಡ್ತಿದ್ರಾ?”

ಮಾವನ ಕೈ ನಿಂತಿತು. ಮಗನ ಮಾತು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

“ಅವನಿಗಾ?” ಅಂದರು. “ಒಂದೆಲೇನೂ ಇಲ್ಲ. ಸೋತು ಊರೆಲ್ಲ ಕೇಳೋ ಹಾಗೆ ಅಳೋನು. ಕಣ್ಣೊರೆಸಿಕೊಂಡು ಮತ್ತೆ ಬಂದು ಕೂರೋನು.”

“ನನಗೂ ಬೇಡ.”

ಮಾವ ತಲೆಯೆತ್ತಲಿಲ್ಲ. ಅರ್ಧ ಹೊರಬಂದಿದ್ದ ಎಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದರು. ಎಲೆಗಳ ಅಂಚು ಸಮ ಮಾಡಿದರು. ಆಮೇಲೆ ಇನ್ನೊಂದು ತುದಿಯಿಂದ ಬೇರೊಂದನ್ನು ಎಳೆದು, ಮೇಜಿನ ಮೇಲೆ ಟಪ್ಪೆಂದು ಬಡಿದು ಹಾಕಿದರು.