ಹಂಡೆಗೆ ಒಂದೇ ನಾಲಿಗೆ

ಅತ್ತೆ "ಹೂಂ" ಅನ್ನುವ ತನಕ ಆ ಮನೆಯಲ್ಲಿ ಒಂದು ಬಾಟಲಿಯೂ ತುಂಬುವ ಹಾಗಿರಲಿಲ್ಲ. ಬಾರ್ಲಿ ಬೆಂದು, ಅದರ ನೀರು ಸೋಸಿ ಹಂಡೆಗೆ ಬಿದ್ದು, ಜಜ್ಜಿದ ಶುಂಠಿಯ ರಸ, ನಿಂಬೆ, ಜೇನು ಎಲ್ಲ ಸೇರಿದ ಮೇಲೆ ಕೊನೆಯದಾಗಿ ಅತ್ತೆ ತಮ್ಮ ಕೈಯಾರೆ ಉಪ್ಪು ಹಾಕುತ್ತಿದ್ದರು. ಮರದ ಸೌಟಿನಿಂದ ನಾಲ್ಕು ಸುತ್ತು ತಿರುಗಿಸಿ, ಎಡಗೈಯ ಹಿಂಭಾಗಕ್ಕೆ ಒಂದು ತೊಟ್ಟು ಬಿಟ್ಟುಕೊಂಡು, ಅದನ್ನು ನಾಲಿಗೆಯ ತುದಿಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು. ಆಗ ಮಾವ, ಮಗ, ಸೊಸೆ ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳಂತೆ ನಿಂತಿರಬೇಕು. "ಹೂಂ" ಅಂದರೆ ಪಾಸು. "ಊಹೂಂ" ಅಂದರೆ ಯಾರೋ ಒಬ್ಬರಿಗೆ ಮಂಗಳಾರತಿ.

ಈ ವ್ಯಾಪಾರ ಶುರುವಾದದ್ದೇ ಒಂದು ಹಟದಿಂದ. ಮಾವ ಬೀಗ ರಿಪೇರಿಯವರು. ಇಡೀ ದಿನ ಅಂಗಡಿಯಲ್ಲಿ ಕೂತು ನೀರು ಕುಡಿಯದೆ ಕಿಡ್ನಿಯಲ್ಲಿ ಕಲ್ಲು ಮಾಡಿಕೊಂಡರು. ಬಾರ್ಲಿ ನೀರು ಕುಡಿಯಿರಿ ಎಂದು ಡಾಕ್ಟರು ಹೇಳಿದರೆ, "ಗೋಡೆಗೆ ಬಳಿಯೋ ಸುಣ್ಣದ ನೀರು ಅದು, ನನ್ನ ಬಾಯಿಗೆ ಬೇಡ" ಎಂದು ಮುಖ ತಿರುಗಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತು, ಒಂದು ವಾರ ಒದ್ದಾಡಿ, ಆ ಸುಣ್ಣದ ನೀರನ್ನು ಗಂಡ ಎರಡನೇ ಲೋಟ ಕೇಳುವ ಹಾಗೆ ಮಾಡಿದರು. ಕಲ್ಲು ಕರಗಿತೋ ಬಿಟ್ಟಿತೋ, ಅಂಗಡಿಯ ಗಿರಾಕಿಗಳು ಬೀಗ ಮರೆತು ಬಾರ್ಲಿ ನೀರು ಕೇಳಿಕೊಂಡು ಬರತೊಡಗಿದರು. ಕೊನೆಗೆ ಬೀಗದ ಅಂಗಡಿಗೇ ಬೀಗ ಬಿತ್ತು. ಹಿತ್ತಿಲಿನ ಕಡೆಯ ಕೋಣೆ ಬಾಟಲಿಗಳಿಂದ ತುಂಬಿತು. ಮಗ ಬಾಡಿಗೆಗೆ ಓಡಿಸುತ್ತಿದ್ದ ಲಗೇಜ್ ಆಟೋ ಮನೆಯ ಕೆಲಸಕ್ಕೇ ನಿಂತಿತು.

ಮಗನಿಗೆ ಬಾಟಲಿಗೆ ಅಂಟಿಸುವ ಚೀಟಿಯ ಮೇಲೆ 'ಆರೋಗ್ಯಾಮೃತ' ಎಂದು ದೊಡ್ಡದಾಗಿ ಅಚ್ಚು ಹಾಕಿಸುವ ಆಸೆ.

"ಅಮೃತ ಅಂತ ಬರೆದ್ರೆ ಕುಡಿದೋರು ಸಾಯಬಾರ್ದು ಕಣೋ. ಅಷ್ಟು ಜವಾಬ್ದಾರಿ ನಂಗೆ ಬೇಡ. ಬಾರ್ಲಿ ನೀರು ಅಂತ ಬರಿ" ಎಂದರು ಅತ್ತೆ. ಚೀಟಿಯ ಮೇಲೆ ಹಾಗೇ ಬಂತು.

ಮೊದಮೊದಲು ಎಲ್ಲರೂ ರುಚಿ ನೋಡುತ್ತಿದ್ದರು. ಮಾವನಿಗೆ ಖಾರ ಸಾಲದು, ಮಗನಿಗೆ ಸಿಹಿ ಸಾಲದು, ಹೊಸದಾಗಿ ಬಂದ ಸೊಸೆಗೆ ಬಾಯಿ ಬಿಡಲು ಭಯ. ಸೋಮವಾರದ ರುಚಿ ಮಂಗಳವಾರ ಇರುತ್ತಿರಲಿಲ್ಲ. ಒಂದು ದಿನ ಅತ್ತೆ ಸೌಟನ್ನು ಹಂಡೆಗೆ ಕುಟ್ಟಿ ಆಜ್ಞೆ ಹೊರಡಿಸಿದರು. "ಇವತ್ತಿಂದ ಹಂಡೆಗೆ ಒಂದೇ ನಾಲಿಗೆ. ಬೇಕಾದ್ರೆ ಬಾಟಲಿಗೆ ತುಂಬಿದ್ಮೇಲೆ ಕುಡೀರಿ. ಹಂಡೆ ಹತ್ರ ಇನ್ಯಾರೂ ಬಾಯಿ ತರಬೇಡಿ." ಅಂದಿನಿಂದ ಅದು ಆ ಮನೆಯ ಕಾನೂನಾಯಿತು. ಮನೆಯವರ ತಲೆ ಹೋದರೂ ಆ ಕಾನೂನು ಹೋಗುವಂತಿರಲಿಲ್ಲ.

ಆಮೇಲೆ ಅತ್ತೆಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಅದನ್ನು ತೆಗೆದರು. ವಾರಗಟ್ಟಲೆ ರೇಡಿಯೇಶನ್ನಿನ ಕರೆಂಟು ಕೊಟ್ಟರು. ಅಷ್ಟು ದಿನ ಹಂಡೆ ಬೋರಲಾಗಿಯೇ ಇತ್ತು. ಆಸ್ಪತ್ರೆಯಿಂದ ವಾಪಸು ಬಂದದ್ದು ಅತ್ತೆಯ ಸೀರೆಯೊಳಗೆ ಇನ್ಯಾರೋ ಅನ್ನುವಷ್ಟು ಸಣ್ಣಗಾದ ಹೆಂಗಸು. ಕತ್ತಿನ ಚರ್ಮ ಕಪ್ಪಾಗಿತ್ತು, ದನಿ ಒಡೆದಿತ್ತು. ಊಟದ ತಟ್ಟೆ ಇಟ್ಟರೆ ಎರಡು ತುತ್ತು ತಿಂದು ದೂಡುತ್ತಿದ್ದರು. ಆದರೂ ಬಂದ ಮೂರನೆಯ ದಿನವೇ ಗೋಡೆ ಹಿಡಿದುಕೊಂಡು ಹಿತ್ತಿಲ ಕೋಣೆಗೆ ಬಂದು, "ಎಲ್ಲಿ ಸೌಟು?" ಎಂದರು.

ಸೊಸೆಗೆ ಎಷ್ಟು ಸಂತೋಷವಾಯಿತೆಂದರೆ, ಆ ಗಡಿಬಿಡಿಯಲ್ಲಿ ಹಿಂಡಿಟ್ಟ ನಿಂಬೆರಸವನ್ನು ಹಂಡೆಗೆ ಹಾಕುವುದನ್ನೇ ಮರೆತಳು. ಅತ್ತೆ ಉಪ್ಪು ಹಾಕಿದರು, ತಿರುಗಿಸಿದರು, ಕೈಯ ಮೇಲಿನ ತೊಟ್ಟನ್ನು ನಾಲಿಗೆಗೆ ತಾಗಿಸಿ ಕಣ್ಣು ಮುಚ್ಚಿದರು. "ಹೂಂ" ಎಂದರು.

ನಿಂಬೆರಸದ ಪಾತ್ರೆ ಕಿಟಕಿಯ ಮೇಲೆ ಹಾಗೇ ಕೂತಿತ್ತು. ಸೊಸೆ ಅದನ್ನು ನೋಡಿದ್ದು ಆಗ. ಒಂದು ಹನಿ ಹುಳಿ ಹೆಚ್ಚಾದರೆ ನಿಂಬೆ ಮಾರಿದವನ ವಂಶವನ್ನೇ ಜಾಲಾಡುತ್ತಿದ್ದ ಅತ್ತೆಗೆ ಈಗ ಹುಳಿಯೇ ಇಲ್ಲದ್ದು ತಿಳಿದಿರಲಿಲ್ಲ. ಅತ್ತೆ ಒಳಗೆ ಹೋಗಿ ಮಲಗಿದ ಮೇಲೆ ಅವಳು ಕಳ್ಳಿಯಂತೆ ಬಂದು ನಿಂಬೆರಸ ಸುರಿದಳು. ಆಗಲೂ ರುಚಿ ನೋಡಲಿಲ್ಲ. ಕಾನೂನು ಕಾನೂನೇ.

ಹೇಳಿಬಿಡಬಹುದಿತ್ತು. ಆದರೆ ಇಡೀ ದಿನದಲ್ಲಿ ಅತ್ತೆ ಅತ್ತೆಯಾಗಿರುತ್ತಿದ್ದದ್ದು ಆ ಹಂಡೆಯ ಮುಂದೆ ಮಾತ್ರ. ಬೆನ್ನು ನೆಟ್ಟಗಾಗುತ್ತಿತ್ತು, ಒಡೆದ ದನಿಗೂ ಹಳೆಯ ಗತ್ತು ಬರುತ್ತಿತ್ತು. ಅದೊಂದು ಹೂಂಕಾರವನ್ನು ಕಿತ್ತುಕೊಂಡರೆ ಈ ಜೀವ ಮಂಚ ಬಿಟ್ಟು ಏಳುವುದಿಲ್ಲ ಎಂದು ಸೊಸೆಗೆ ಖಾತ್ರಿಯಿತ್ತು. ಮದುವೆಯಾದ ಹೊಸದರಲ್ಲಿ ಇದೇ ಅತ್ತೆಯ ಬಾಯಿಗೆ ಹೆದರಿ ಸ್ನಾನದ ಮನೆಯಲ್ಲಿ ಕೂತು ಅತ್ತವಳು ಅವಳು. ಈಗ ಅದೇ ಬಾಯಿಯ ಮಾನ ಕಾಯುವ ಕೆಲಸ ತನ್ನ ಪಾಲಿಗೆ ಬಂತಲ್ಲ ಎಂದು ಒಬ್ಬಳೇ ನಕ್ಕಳು; ನಗುತ್ತಲೇ ಕಣ್ಣೊರೆಸಿಕೊಂಡಳು. ಅತ್ತೆಗೆ ಇದು ಎಂದಿಗೂ ಗೊತ್ತಾಗಬಾರದು, ಅಷ್ಟೇ.

ಅಂದಿನಿಂದ ಅವಳಿಗೆ ಎರಡು ಕೆಲಸ. ಅತ್ತೆ ಏನು ಹಾಕಿದರು, ಎಷ್ಟು ಹಾಕಿದರು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಅವರು ಅತ್ತ ಹೋದ ಮೇಲೆ ಕಡಿಮೆಯಾದದ್ದನ್ನು ಅಂದಾಜಿನ ಮೇಲೆ ಸೇರಿಸುವುದು. ಬಾಟಲಿಗಳು ಹೋಗುತ್ತಿದ್ದವು, ಖಾಲಿಯಾಗಿ ಬರುತ್ತಿದ್ದವು. "ಈಚೀಚೆಗೆ ನಿಮ್ಮ ನೀರಿಗೆ ಒಳ್ಳೇ ಖಾರ ಬಂದಿದೆ, ಮೂಗು ಬಿಟ್ಟುಕೊಳ್ಳುತ್ತೆ" ಎಂದು ಔಷಧಿ ಅಂಗಡಿಯವನು ಹೊಗಳಿದ. ತಾನು ಹಾಕಿದ ಶುಂಠಿ ಅಷ್ಟೇನೂ ಹೆಚ್ಚಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಹೊಗಳಿಕೆಯನ್ನು ಯಾರು ತನಿಖೆ ಮಾಡುತ್ತಾರೆ?

ಅತ್ತೆ ಮಾತ್ರ ಗಿರಾಕಿಗಳ ಮಾತನ್ನು ದಿನವೂ ಕೇಳುತ್ತಿದ್ದರು. ಮಗ ಆಟೋ ನಿಲ್ಲಿಸುವುದೇ ತಡ, ಮಂಚದಿಂದಲೇ, "ಏನಂದ್ರೋ? ಯಾರಾದ್ರೂ ವಾಪಸ್ ಕೊಟ್ರಾ?" ಎನ್ನುತ್ತಿದ್ದರು.

"ವಾಪಸ್ಸಾ? ಸಾಲಲ್ಲ ಅಂತಿದಾರಮ್ಮ."

ಅತ್ತೆ ತಮ್ಮ ಬಲಗೈಯನ್ನು ಮುಖದ ಹತ್ತಿರ ಹಿಡಿದು ಆಚೆ ಈಚೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಹತ್ತಿರದ ಶಾಲೆಯ ಆಟೋಟದ ದಿನಕ್ಕೆ ಬೇಡಿಕೆ ಬಂತು. ಓಡುವ ಮಕ್ಕಳಿಗೆಲ್ಲ ಬಾರ್ಲಿ ನೀರೇ ಬೇಕೆಂದು ಆಟದ ಮೇಷ್ಟ್ರು ಮನೆ ತನಕ ಬಂದು ಹೇಳಿದ್ದರು. ಅಷ್ಟು ದೊಡ್ಡ ಬೇಡಿಕೆ ಅದೇ ಮೊದಲು. ಅತ್ತೆಗೆ ಹಿಂದಿನ ದಿನದಿಂದಲೇ ಜ್ವರದ ಲಕ್ಷಣವಿತ್ತು, ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಕೂತಿದ್ದರು. ಹಂಡೆ ಅಂಚಿನ ತನಕ ತುಂಬಿತ್ತು. ಅತ್ತೆ ಸೌಟು ಹಿಡಿದರು, ತಿರುಗಿಸಿದರು, ತೊಟ್ಟು ಬಿಟ್ಟುಕೊಂಡರು, ಕಣ್ಣು ಮುಚ್ಚಿದರು.

"ಹೂಂ. ಮಕ್ಕಳು ಕುಣಿದು ಕುಣಿದು ಕುಡೀತಾರೆ ನೋಡಿ."

ಉಪ್ಪಿನ ಭರಣಿಯನ್ನು ಅವರು ಮುಟ್ಟಿರಲೇ ಇಲ್ಲ.

ಅತ್ತೆ ಒಳಗೆ ಹೋದರು. ಸೊಸೆಯ ಗಂಡ ಆಟೋವನ್ನು ಹಿತ್ತಿಲ ಕಡೆಗೆ ತರಲು ಹೋದ, ಮಾವ ಬಾಟಲಿ ಮುಚ್ಚಳ ಎಣಿಸುತ್ತಿದ್ದರು. ಸೊಸೆ ಗಬಕ್ಕನೆ ಭರಣಿಗೆ ಕೈ ಹಾಕಿ, ಅತ್ತೆಯ ಲೆಕ್ಕದಷ್ಟೇ ಉಪ್ಪು ಹಾಕಿ ತಿರುಗಿಸಿ, ಹಂಡೆಗೆ ಬಟ್ಟೆ ಮುಚ್ಚಿ, ಬಾಟಲಿ ತೊಳೆಯಲು ನಲ್ಲಿಯ ಬಳಿ ಹೋದಳು. ವಾಪಸು ಬಂದಾಗ ಮಾವ ಹಂಡೆಯ ಪಕ್ಕದಲ್ಲಿ ನಿಂತಿದ್ದರು. "ಬಟ್ಟೆ ಜಾರಿತ್ತಮ್ಮ, ಸರಿ ಮಾಡ್ದೆ" ಎಂದರು. ಕೇಳದೇ ಇದ್ದರೂ ಹೇಳಿದರು. ತುಂಬುವ ಹೊತ್ತಿಗೆ ಭರಣಿಯ ಮುಚ್ಚಳ ತೆಗೆದೇ ಇತ್ತು. ತಾನೇ ಮರೆತೆನೇನೋ ಎಂದು ಅವಳು ಮುಚ್ಚಿಟ್ಟಳು. ಹಂಡೆಯ ಕೊನೆಯ ತೊಟ್ಟಿನ ತನಕ ಬಾಟಲಿಗೆ ಹೋಯಿತು; ಮನೆಗೆಂದು ಒಂದೂ ಉಳಿಯಲಿಲ್ಲ.

ಮಧ್ಯಾಹ್ನದ ಒಳಗೆ ಆಟೋ ಹೋದ ಹಾಗೇ ವಾಪಸು ಬಂತು. ಹಿಂದೆ ಕ್ರೇಟುಗಳು ತುಂಬಿಯೇ ಇದ್ದವು. ಗಂಡ ಕೆಳಗಿಳಿದ.

"ಮಕ್ಕಳು ಸಾಲಾಗಿ ನಿಂತು ಉಗಿದ್ರು" ಎಂದ. "ಮೇಷ್ಟ್ರು ಏನಂದ್ರು ಗೊತ್ತಾ? ಸಮುದ್ರ ತಂದು ಕುಡಿಸ್ತಿದ್ದೀರೇನ್ರೀ ಅಂದ್ರು."

ಮಾವ ಒಂದು ಬಾಟಲಿ ಬಿಚ್ಚಿ ಬಾಯಿಗಿಟ್ಟವರು ಅಲ್ಲೇ ಕೆಮ್ಮಿದರು. "ಇದೇನಿದು, ನಾನು ಹಾಕಿದ್ದು ಒಂದೇ ಹಿಡಿ..." ಎಂದವರು ಮಾತು ನುಂಗಿಕೊಂಡರು.

"ನೀವು ಹಾಕಿದ್ರಾ?" ಗಂಡ ಬೆಚ್ಚಿಬಿದ್ದ. "ಅಪ್ಪಾ, ನಾನೂ ಹಾಕ್ದೆ. ಅಮ್ಮ ಇವತ್ತು ಉಪ್ಪು ಮುಟ್ಲಿಲ್ಲ, ನಾನು ನೋಡಿದ್ದೆ."

"ಅಯ್ಯೋ ಮಾವ, ರೀ..." ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. "ನಾನೂ ಹಾಕಿದೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೊಂದಾಗಿ ಹೊರಬಂತು. ಗಂಡನಿಗೆ ಡಾಕ್ಟರು ಮೊದಲೇ ಹೇಳಿದ್ದರಂತೆ, ರುಚಿ ತಿರುಗಿ ಬಂದರೂ ಬರಬಹುದು, ಬರದೇ ಇದ್ದರೂ ಇರಬಹುದು ಎಂದು. ಇವನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡು ದಿನವೂ ಜೇನು ಸುರಿಯುತ್ತಿದ್ದ. ಮಾವನ ಕಹಿ ಕಷಾಯವನ್ನು ಅತ್ತೆ ತಮ್ಮ ಕಾಫಿಯೆಂದು ಎತ್ತಿಕೊಂಡು ಪೂರ್ತಿ ಕುಡಿದು, "ಚೆನ್ನಾಗಿದೆ" ಎಂದಿದ್ದರಂತೆ. ಅಂದಿನಿಂದ ಮಾವ ಶುಂಠಿ ಜಜ್ಜಿ ಜಜ್ಜಿ ಹಾಕುತ್ತಿದ್ದರು. ಉಳಿದ ಇಬ್ಬರಿಗೆ ಗೊತ್ತಾದರೆ ಸಂಕಟಪಡುತ್ತಾರೆ ಎಂದು ಪ್ರತಿಯೊಬ್ಬರೂ ಒಬ್ಬೊಬ್ಬರೇ ಕಳ್ಳತನ ಮಾಡಿದ್ದರು.

"ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡಬಾರದಾಗಿತ್ತೇನೋ?" ಮಾವ ಮಗನನ್ನು ಕೇಳಿದರು.

"ನೀವು ನೋಡಿದ್ರಾ?"

"ಅವಳು ಬೇಡ ಅಂದಿದಾಳಲ್ಲ" ಎಂದರು ಮಾವ, ಚಿಕ್ಕ ಹುಡುಗನ ಹಾಗೆ.

ಅದನ್ನು ಕೇಳಿ ಮೊದಲು ಗಂಡ ನಕ್ಕ. ಆಮೇಲೆ ಸೊಸೆ. ಮಾವನಂತೂ ಹೊಟ್ಟೆ ಹಿಡಿದುಕೊಂಡು ಕ್ರೇಟಿನ ಮೇಲೆ ಕೂತೇಬಿಟ್ಟರು. ಮೂರು ತಲೆಗಳಿದ್ದೂ ಮಿದುಳು ಒಂದಕ್ಕೂ ಇರಲಿಲ್ಲ. ನಗು ನಿಲ್ಲುವ ಹೊತ್ತಿಗೆ ಬಾಗಿಲ ಕಡೆ ತಿರುಗಿದ ಸೊಸೆ ಗರಬಡಿದವಳಂತೆ ನಿಂತಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಅತ್ತೆ ನಿಧಾನವಾಗಿ ಬಂದು ಮಾವನ ಕೈಯಿಂದ ಬಾಟಲಿ ತೆಗೆದುಕೊಂಡರು. ಬಾಯಿಗೆತ್ತಿ ಕುಡಿಯತೊಡಗಿದರು. ಒಂದು ಗುಟುಕಲ್ಲ, ಎರಡಲ್ಲ, ಮುಖದ ಒಂದು ಗೆರೆಯೂ ಅಲುಗದಂತೆ ಅರ್ಧ ಬಾಟಲಿ ಕುಡಿದರು.

"ತುಂಬಾ ಉಪ್ಪಾ?" ಎಂದು ಕೇಳಿದರು.

ಸೊಸೆ ಬಾಟಲಿ ಕಸಿದುಕೊಂಡಳು. "ಸಾಕು ಅತ್ತೆ, ಸಾಕು."

"ನಾಲಿಗೆ ಹೋಗಿದ್ದು ನಂಗೆ ಆಸ್ಪತ್ರೇಲೇ ಗೊತ್ತಿತ್ತು" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಮೊದಲ ದಿನ ಹೆದರಿಕೊಂಡೇ ಹೂಂ ಅಂದೆ. ಬಾಟಲಿ ವಾಪಸ್ ಬರ್ಲಿಲ್ಲ. ಮಾರನೇ ದಿನಾನೂ ಬರ್ಲಿಲ್ಲ. ಆಗ ಅಂದ್ಕೊಂಡೆ, ನಾಲಿಗೆ ಸತ್ರೇನು, ನನ್ ಕೈ ಮರೆತಿಲ್ಲ ಅಂತ. ಕೈಗೆ ಎಲ್ಲಾ ಗೊತ್ತಿದೆ ಅಂತ." ಅವರು ಬಲಗೈಯನ್ನು ಎತ್ತಿ ನೋಡಿಕೊಂಡರು. "ಇಷ್ಟು ದಿನ ಅದೊಂದೇ ಧೈರ್ಯದಲ್ಲಿದ್ದೆ ಕಣ್ರೋ."

ಆ ಕೈಯನ್ನು ಸೆರಗಿನ ಒಳಗೆ ಮುಚ್ಚಿಕೊಂಡು ಒಳಗೆ ಹೋದರು. ಆ ಧೈರ್ಯವನ್ನು ಕಾಪಾಡಲು ಹೋಗಿ ತಾವು ಏನು ಮಾಡಿಬಿಟ್ಟೆವು ಎಂಬುದು ಸೊಸೆಗೆ ಆಗ ಅರ್ಥವಾಯಿತು. ಮಾವ ಕ್ರೇಟಿನ ಮೇಲೆ ಕೂತೇ ಇದ್ದರು. ಗಂಡ ಒಂದೊಂದೇ ಬಾಟಲಿ ಬಿಚ್ಚಿ ಮೋರಿಗೆ ಸುರಿದ.

ಮರುದಿನ ಬೆಳಿಗ್ಗೆ ಅತ್ತೆ ಏಳಲಿಲ್ಲ. ಜ್ವರವೇನೂ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಔಷಧಿ ಅಂಗಡಿಯವನಿಗೂ ಉಳಿದ ಗಿರಾಕಿಗಳಿಗೂ ನೀರು ಹೋಗಲೇಬೇಕಿತ್ತು. ಸೊಸೆ ಒಬ್ಬಳೇ ಹಂಡೆಯ ಮುಂದೆ ನಿಂತು ಎಲ್ಲ ಹಾಕಿದಳು, ಉಪ್ಪನ್ನೂ. ಸೌಟಿನಿಂದ ಒಂದು ತೊಟ್ಟನ್ನು ಎಡಗೈಯ ಹಿಂಭಾಗಕ್ಕೆ ಬಿಟ್ಟುಕೊಂಡಳು. ಆ ಕಾನೂನು ಬಂದ ಮೇಲೆ ಹಂಡೆಯಿಂದ ನೇರ ಅವಳ ನಾಲಿಗೆಗೆ ಬಂದದ್ದು ಅದೇ ಮೊದಲು. ಸರಿಯಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಹೂಂ ಅನ್ನುವ ಧೈರ್ಯ ಎಲ್ಲಿಂದ ತರುವುದು?

ಒಂದು ಲೋಟದಲ್ಲಿ ತೆಗೆದುಕೊಂಡು ಅತ್ತೆಯ ಮಂಚದ ಬಳಿ ನೆಲದ ಮೇಲೆ ಕೂತಳು.

"ಅತ್ತೆ, ನಾನು ಕುಡಿದು ಹೇಳ್ತೀನಿ. ನೀವು ಕೇಳಿಸಿಕೊಂಡು ಏನು ಬೇಕು ಹೇಳಿ."

ಅವಳು ಒಂದು ಗುಟುಕು ಕುಡಿದಳು. "ಹುಳಿ ಮೊದಲು ಬರುತ್ತೆ ಅತ್ತೆ, ಬಂದು ತಕ್ಷಣ ಹೋಗುತ್ತೆ. ಶುಂಠಿ ಗಂಟಲಲ್ಲಿ ನಿಲ್ಲುತ್ತೆ. ಉಪ್ಪು ಇದೆ ಅಂತ ಹುಡುಕಿದ್ರೆ ಮಾತ್ರ ಗೊತ್ತಾಗುತ್ತೆ."

ಅತ್ತೆ, ಗೋಡೆಯ ಕಡೆಯಿಂದ ತಿರುಗದೆ, "ಸಿಹಿ?" ಎಂದರು.

ಸೊಸೆಗೆ ಜೀವ ಬಂದಂತಾಯಿತು. "ಇದೆ ಅತ್ತೆ. ಕೊನೇಲಿ ಬರುತ್ತೆ."

"ಹೇಗಿದೆ?"

"ಚೆನ್ನಾಗಿದೆ."

"ಅದಲ್ಲ ಕಣೇ." ಅತ್ತೆ ಈಚೆ ತಿರುಗಿದರು. ಆ ಕಣ್ಣುಗಳಲ್ಲಿ ಸೊಸೆ ಎಂದೂ ಕಾಣದಿದ್ದ ಭಯವಿತ್ತು. "ಸಿಹಿ ಅಂದ್ರೆ ಹೇಗಿರುತ್ತೆ, ಸ್ವಲ್ಪ ಹೇಳು. ನಂಗೆ ಮರೆತು ಹೋಗ್ತಿದೆ."

ಸೊಸೆ ಬಾಯಿ ತೆರೆದಳು. ಮತ್ತೊಂದು ಗುಟುಕು ಕುಡಿದು ನೋಡಿದಳು. ನಾಲಿಗೆಯ ತುಂಬ ಸಿಹಿಯಿತ್ತು, ಹೇಳಲು ಒಂದು ಮಾತೂ ಸಿಗಲಿಲ್ಲ. ಅತ್ತೆಯ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಳು. ಅತ್ತೆ ಅವಳ ಮುಖವನ್ನೇ ನೋಡುತ್ತ, ಅವಳು ಹೇಳುವುದನ್ನು ಕಾಯುತ್ತಿದ್ದರು.